ಅರ್ಧ ಮುದ್ದೆ

ಬೂದಿಗೆರೆಯಲ್ಲಿ ವೆಂಕಟರಾಯಪ್ಪನ ಮನೆಗೆ ಊರವರು ಇಟ್ಟ ಹೆಸರು ಮಂಡೆಯೋರ ಮನೆ. ಆ ಮನೆಯ ಗಂಡಸರ ತಲೆಗಳು ಅಂಥವು. ವೆಂಕಟರಾಯಪ್ಪನ ಮದುವೆಯಲ್ಲಿ ಬಾಡಿಗೆಗೆ ತಂದ ಪೇಟ ತಲೆಗೆ ಕೂರದೆ, ಕೊನೆಗೆ ಸೋದರಮಾವನ ಶಲ್ಯ ಸುತ್ತಿ ಧಾರೆಗೆ ಕೂರಿಸಿದ್ದರು. ಮಗ ಮನೋಹರನಿಗೆ ಹೊಸಕೋಟೆಯ ಅಂಗಡಿಗಳನ್ನೆಲ್ಲ ತಿರುಗಿದರೂ ಹೆಲ್ಮೆಟ್ ಸಿಗಲಿಲ್ಲ. ಅವನು ಬೈಕು ಮಾರಿ ಏರ್‌ಪೋರ್ಟಿಗೆ ಓಡಿಸಲು ಟ್ಯಾಕ್ಸಿ ಕೊಂಡದ್ದು ಅದಕ್ಕೇ ಎಂದು ಊರ ಹುಡುಗರು ಆಡಿಕೊಳ್ಳುತ್ತಿದ್ದರು. ಈ ತಮಾಷೆಗೆ ಆ ಮನೆಯಲ್ಲಿ ನಗದೆ ಇದ್ದವಳು ಒಬ್ಬಳೇ, ವೆಂಕಟರಾಯಪ್ಪನ ಹೆಂಡತಿ ಅಮ್ಮಯಮ್ಮ. ಯಾಕೆ ನಗುತ್ತಿರಲಿಲ್ಲ ಎಂಬುದು ಗಂಡನಿಗೆ ಗೊತ್ತಿತ್ತು, ಮಿಕ್ಕವರಿಗೆ ಮರೆತುಹೋಗಿತ್ತು.

ಸೊಸೆ ಚೈತ್ರಳಿಗೆ ಎಂಟನೆಯ ತಿಂಗಳು ಬಿದ್ದಾಗ ಅಮ್ಮಯಮ್ಮನೇ ಜೊತೆಗೆ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಸ್ಕ್ಯಾನಿಂಗ್ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

“ಮಗು ತಲೆ ವಾರದ ಲೆಕ್ಕಕ್ಕಿಂತ ಸ್ವಲ್ಪ ಮುಂದಿದೆ. ಮನೇಲಿ ಯಾರಿಗಾದ್ರೂ ತಲೆ ದಪ್ಪ ಇದೆಯಾ?”

ಚೈತ್ರಳಿಗೆ ನಗು ತಡೆಯಲಾಗಲಿಲ್ಲ. “ನಮ್ಮ ಮನೆಯವ್ರಿಗೂ ಇದೆ, ಮಾವಂಗೂ ಇದೆ ಮೇಡಂ.”

“ಹಾಗಾದ್ರೆ ವಂಶದ್ದು, ಗಾಬರಿ ಏನಿಲ್ಲ. ಆದ್ರೆ ನೀನು ಕುಳ್ಳಗಿದ್ದೀಯ. ತಲೆ ದಪ್ಪ ಇದ್ರೆ ನಾರ್ಮಲ್ ಆಗೋ ಸಾಧ್ಯತೆ ಕಡಿಮೆ ಆಗ್ತದೆ. ಆಗೋದೇ ಇಲ್ಲ ಅಂತಲ್ಲ. ನೋವು ಬರಲಿ, ತಲೆ ಇಳಿಯುತ್ತಾ ನೋಡೋಣ, ಇಳೀದಿದ್ರೆ ಆಪರೇಷನ್ ಮಾಡೋಣ. ಅದಕ್ಕಿಂತ ನಿನ್ನ ರಕ್ತ ಕಡಿಮೆ ಇರೋದೇ ನನಗೆ ಚಿಂತೆ. ಕಬ್ಬಿಣದ ಮಾತ್ರೆ ಬಿಡಬೇಡ. ಸೊಪ್ಪು, ಕಾಳು, ಮೊಟ್ಟೆ ಚೆನ್ನಾಗಿ ತಿನ್ನು. ಮೂರು ವಾರ ಬಿಟ್ಟು ಬಾ.”

ಇಷ್ಟನ್ನೂ ಅಮ್ಮಯಮ್ಮ ಕಿವಿಯಾರೆ ಕೇಳಿದಳು. ಅವಳು ಕಿವುಡಿಯಲ್ಲ, ದಡ್ಡಿಯೂ ಅಲ್ಲ. ಆದರೆ ತಲೆ ದಪ್ಪ ಎಂಬ ಮಾತು ಬಿದ್ದಮೇಲೆ ಮಿಕ್ಕದ್ದೆಲ್ಲ ಮನಸ್ಸಿನ ಹೊರಗೇ ಉಳಿಯಿತು.

ಹಿಂದಿರುಗುವಾಗ ಮನೋಹರ ಗಾಡಿ ಓಡಿಸುತ್ತ ಕೇಳಿದ. “ಏನಂದ್ರಮ್ಮ ಡಾಕ್ಟ್ರು?”

“ಏನಂತಾಳೆ? ಆಗಬೋದಂತೆ, ಆಗ್ದೇನೂ ಇರಬೋದಂತೆ. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡಿ ಕಳಿಸಿದ್ಲು. ಅವಳಿಗೇನು, ಕತ್ತರಿ ಕೈಲೇ ಐತೆ.”

“ಆಪರೇಷನ್ ಆದ್ರೆ ಆಗ್ಲಿ ಬಿಡಮ್ಮ. ಈಗ ಎಲ್ರಿಗೂ ಅದೇ ಆಗ್ತಿರೋದು.”

“ಬಾಯಿ ಮುಚ್ಕೊಂಡು ಮುಂದೆ ನೋಡ್ಕೊಂಡು ಓಡ್ಸು.”

ಮನೋಹರನಿಗಿಂತ ಮುಂಚೆ ಅಮ್ಮಯಮ್ಮನಿಗೊಂದು ಗಂಡು ಕೂಸಾಗಿತ್ತು. ತವರಿನಲ್ಲಿ ಅವಳ ತಾಯಿ ಚೊಚ್ಚಲ ಬಸುರಿಯೆಂದು ತುಪ್ಪ, ಎಳ್ಳುಂಡೆ, ಕೋಳಿ ಉಣಿಸಿ ಉಣಿಸಿ ಮೈ ತುಂಬಿಸಿದ್ದಳು. ನೋವು ಬಂದು ಒಂದು ಹಗಲು ಒಂದು ರಾತ್ರಿ ಕಳೆದರೂ ತಲೆ ಹೊರಬರಲಿಲ್ಲ. ಬಂದಾಗ ಕೂಸು ನೀಲಿಗಟ್ಟಿತ್ತು. ಸೂಲಗಿತ್ತಿ ಪಾಪಮ್ಮ ಕೈ ತೊಳೆಯುತ್ತ ಆಡಿದ್ದು ಒಂದೇ ಮಾತು: “ತಿಂದೂ ತಿಂದೂ ಕೂಸಿನ ತಲೆ ಬೆಳೆಸ್ಕೊಂಡೆ ಕಣೇ.” ಇಪ್ಪತ್ತು ತುಂಬದ ಹುಡುಗಿ ಆ ಮಾತನ್ನು ನುಂಗಿಕೊಂಡಳು. ಮತ್ತೆ ಬಸುರಾದಾಗ ಅರ್ಧ ಹೊಟ್ಟೆ ಉಂಡಳು, ಮನೋಹರ ಸಲೀಸಾಗಿ ಹುಟ್ಟಿದ. ಮೊದಲನೆಯದು ಬಿಡಿಸಿದ ದಾರಿಯಲ್ಲಿ ಎರಡನೆಯದು ಸುಲಭವಾಗಿ ಬರುತ್ತದೆಂದು ಅವಳಿಗೆ ಯಾರೂ ಹೇಳಲಿಲ್ಲ. ಹುಟ್ಟಿದವನ ತಲೆಯೇನೂ ಸಣ್ಣದಿರಲಿಲ್ಲ ಎಂಬುದು ಅವಳಿಗೆ ಹೊಳೆಯಲೂ ಇಲ್ಲ. ಅರ್ಧ ಹೊಟ್ಟೆಯೇ ತನ್ನ ಮಗನನ್ನು ಉಳಿಸಿತೆಂದು ದೇವರಾಣೆ ನಂಬಿದ್ದಳು.

ಆ ದಿನ ಸಂಜೆ ಊಟಕ್ಕೆ ಕೂತಾಗ ಅಮ್ಮಯಮ್ಮ ಗಂಡಸರಿಗೆ ಎಂದಿನಂತೆ ಒಂದೊಂದು ಮುದ್ದೆ ಇಟ್ಟಳು. ಇನ್ನೊಂದನ್ನು ಒದ್ದೆಗೈಯಲ್ಲಿ ಎರಡು ಮಾಡಿ ಅರ್ಧವನ್ನು ಚೈತ್ರಳ ತಟ್ಟೆಗೆ, ಅರ್ಧವನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

“ಇವತ್ತಿಂದ ನಿಂಗೂ ಅರ್ಧ, ನಂಗೂ ಅರ್ಧ. ನೀನೊಬ್ಳೇ ಹಸ್ಕೊಂಡಿರೋದು ಬ್ಯಾಡ, ನಾನೂ ಜೊತೇಗಿರ್ತೀನಿ.”

“ಡಾಕ್ಟ್ರು ಚೆನ್ನಾಗಿ ತಿನ್ನು ಅಂದ್ರಲ್ಲ ಅತ್ತೆ?”

“ನೀನು ತಿಂದದ್ದೆಲ್ಲ ಕೂಸಿನ ತಲೆಗೋಗ್ತದೆ ಕಣಮ್ಮ. ಹೆರೋಳು ನೀನು, ಡಾಕ್ಟ್ರಲ್ಲ.”

ವೆಂಕಟರಾಯಪ್ಪ ತಟ್ಟೆಯಿಂದ ತಲೆಯೆತ್ತಿದ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ದಪ್ಪ ತಲೆ ನಮ್ಮ ವಂಶದ್ದು. ಉಪವಾಸ ಕೆಡವೋದಾದ್ರೆ ನನ್ನ ಕೆಡವು, ಇವನ್ನ ಕೆಡವು. ಆ ಹುಡುಗಿ ಏನ್ ಮಾಡ್ತು?”

“ನೀವು ಸುಮ್ನೆ ಉಣ್ಣಿ. ನನ್ನ ಸಂಕಟ ನಂಗೆ ಗೊತ್ತು.”

ವೆಂಕಟರಾಯಪ್ಪ ಮತ್ತೆ ತಟ್ಟೆಗೆ ಬಗ್ಗಿದ. ಆ ಚೊಚ್ಚಲ ಕೂಸನ್ನು ಅವಳ ತವರಿನಿಂದ ತಂದು ತಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದವನು ಅವನೇ. ಈ ವಿಷಯದಲ್ಲಿ ಹೆಂಡತಿಯ ಮುಂದೆ ಎರಡನೆಯ ಮಾತಾಡುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ.

ಹೀಗೆ ಶುರುವಾದದ್ದು ದಿನದಿನಕ್ಕೂ ಬಿಗಿಯಾಯಿತು. ಬೆಳಿಗ್ಗೆ ಒಂದು ಲೋಟ ಕಾಫಿ, ಅರ್ಧ ರೊಟ್ಟಿ. ಮಧ್ಯಾಹ್ನ ಎರಡು ಹಿಡಿ ಅನ್ನ, ತಿಳಿ ಸಾರು. ಮೊಟ್ಟೆ ನಿಂತಿತು. ಮನೆಯಲ್ಲಿ ಎರಡು ಹಸು ಕರೆಯುತ್ತಿದ್ದರೂ ಹಾಲೆಲ್ಲ ಡೈರಿಗೆ ಹೋಯಿತು. ಕಬ್ಬಿಣದ ಮಾತ್ರೆ ಕೂಸನ್ನು ಊದಿಸುತ್ತದೆಂದು ಅದರ ಪಟ್ಟಿಗಳನ್ನು ಅಟ್ಟಕ್ಕೆ ಎಸೆದದ್ದಾಯಿತು. ನೆಲ ಒರೆಸುವ ಕೋಲನ್ನು ಹಿತ್ತಲಲ್ಲಿಟ್ಟು, ಕುಕ್ಕರಗಾಲಲ್ಲಿ ಕೂತು ಬಟ್ಟೆಯಲ್ಲೇ ಒರೆಸು, ಸೊಂಟ ಬಿಡುತ್ತದೆ ಎಂದಳು.

ಬೈದು ಹೆದರಿಸಿ ಹೀಗೆ ಮಾಡಿದ್ದರೆ ಚೈತ್ರ ತಿರುಗಿಬೀಳುತ್ತಿದ್ದಳೋ ಏನೋ. ಆದರೆ ಅಮ್ಮಯಮ್ಮ ಸಂಜೆಯಾದರೆ ಸೊಸೆಯ ತಲೆಗೆ ಹರಳೆಣ್ಣೆ ಹಚ್ಚಿ ಬಾಚುವಳು, ಊದಿದ ಪಾದಗಳನ್ನು ಬಿಸಿನೀರಿನಲ್ಲಿಟ್ಟು ಒತ್ತುವಳು, ಸೊಸೆ ಬಿಟ್ಟದ್ದನ್ನೆಲ್ಲ ತಾನೂ ಬಿಟ್ಟಳು. ಪ್ರೀತಿಯಿಂದ ಕಾಲೊತ್ತುವವರ ಮಾತು ಮೀರುವುದು ಬಹಳ ಕಷ್ಟ.

ಚೈತ್ರಳ ತಾಯಿ ಅನುಸೂಯಮ್ಮ ಗಂಡ ಸತ್ತಮೇಲೆ ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಳು. ಹೊಸಕೋಟೆಯಲ್ಲಿ ಒಂಟಿ ಕೋಣೆಯ ಬಾಡಿಗೆ ಮನೆ. ಒಂದು ಭಾನುವಾರ ನಾಟಿ ಕೋಳಿ ಸಾರು ಮಾಡಿ ಕ್ಯಾರಿಯರ್‌ನಲ್ಲಿ ತುಂಬಿಸಿಕೊಂಡು ಬಸ್ಸಿನಲ್ಲಿ ಬಂದಳು.

“ಅಕ್ಕಾ, ಚೊಚ್ಚಲ ಹೆರಿಗೆ ತವರಲ್ಲೇ ಆಗ್ಬೇಕು. ನಾನು ರಜಾ ಕೇಳಿದೀನಿ, ಕಳ್ಸಿಕೊಡಿ.”

“ರಜಾ ಎಷ್ಟು ದಿನ ಕೊಟ್ಟಾರು? ನೀವು ಡ್ಯೂಟೀಲಿದ್ದಾಗ ನೋವು ಬಂದ್ರೆ ಅವ್ಳ ಕೈ ಹಿಡಿಯೋರ್ಯಾರು? ಇಲ್ಲಿ ಬಾಗಿಲಲ್ಲೇ ಗಾಡಿ ಐತೆ, ನಾನಿದೀನಿ.”

ಅನುಸೂಯಮ್ಮ ಕ್ಯಾರಿಯರನ್ನು ಬೀಗಿತ್ತಿಯ ಕೈಗೆ ಕೊಟ್ಟಳು. ತವರಿಗೆ ಹೋದರೆ ಹೊಟ್ಟೆ ತುಂಬ ತಿನ್ನಿಸುತ್ತಾರೆ ಎಂಬ ಭಯವನ್ನು ಅಮ್ಮಯಮ್ಮ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಎಲೆ ಹಾಕಿ, ಕ್ಯಾರಿಯರ್ ಬಿಚ್ಚಿ, ತುಂಡುಗಳನ್ನು ಗಂಡಸರಿಗೂ ಬೀಗಿತ್ತಿಗೂ ಬಡಿಸಿದಳು. ಚೈತ್ರಳ ಎಲೆಗೆ ಬಿದ್ದದ್ದು ಒಂದು ಸೌಟು ತಿಳಿ.

“ಮಗಳಿಗೆ ಅಂತ ತಂದಿದ್ದು ಅಕ್ಕಾ. ಅವ್ಳ ಎಲೇಲಿ ಒಂದು ತುಂಡೂ ಇಲ್ಲ.”

ಅಮ್ಮಯಮ್ಮ ಬಾಯಿ ತೆರೆಯುವ ಮೊದಲೇ ಚೈತ್ರ ಹೇಳಿದಳು. “ನಾನೇ ಬೇಡ ಅಂದೆ ಕಣಮ್ಮ. ಎದೆ ಉರಿಯುತ್ತೆ.”

ಹೊರಡುವಾಗ ಅನುಸೂಯಮ್ಮ ಬಾಗಿಲಲ್ಲಿ ನಿಂತು ಮಗಳ ಗಲ್ಲ ಹಿಡಿದೆತ್ತಿದಳು. “ನಿನ್ನ ಕಣ್ರೆಪ್ಪೆ ಯಾಕೆ ಒಳಗೆಲ್ಲ ಬೆಳ್ಳಗಿದೆ? ಮಾತ್ರೆ ನುಂಗ್ತಿದ್ದೀಯಾ ಇಲ್ವಾ?”

“ನುಂಗ್ತಿದೀನಮ್ಮ. ಬಸ್ಸು ತಪ್ಪೋಗುತ್ತೆ, ಹೋಗು.”

ಸೊಸೆ ತನ್ನ ಮಾನ ಕಾಯ್ದಳೆಂದು ಅಮ್ಮಯಮ್ಮನಿಗೆ ಕಣ್ತುಂಬಿ ಬಂತು. ಅಂದು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕಾಲೊತ್ತಿದಳು.

ಒಂದು ಬೆಳಿಗ್ಗೆ ಮಗ-ಸೊಸೆಯ ಕೋಣೆ ಗುಡಿಸುವಾಗ ಮಂಚದ ಕೆಳಗೆ ಬೇಕರಿಯ ಎಣ್ಣೆ ಕಾಗದ ಸಿಕ್ಕಿತು. ಅಮ್ಮಯಮ್ಮ ಅದನ್ನು ಹಿಡಿದು ಅಂಗಳಕ್ಕೆ ಬಂದಳು. ಮನೋಹರ ಗಾಡಿ ತೊಳೆಯುತ್ತಿದ್ದ.

“ಏನೋ ಇದು?”

“ಎಗ್ ಪಫ್ಸು. ಹಸಿವು ಅಂತ ಅಳ್ತಿದ್ಲಮ್ಮ. ಬಳಪ ತಿಂತಾವ್ಳೆ, ನೋಡಿದೀಯಾ? ಮಕ್ಕಳು ಬರೆಯೋ ಬಳಪ! ಮೂಟೆಗಟ್ಲೆ ರಾಗಿ ಇರೋ ಮನೇಲಿ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡು ಕೂರ್ಬೇಕಾ?”

“ಬಳಪ ಎಲ್ಲ ಬಸುರೀರೂ ತಿಂತಾರೆ. ಈಗ ಅತ್ರೆ ಆಮೇಲೆ ಅಳೋದು ತಪ್ತದೆ. ನಿನ್ನ ಅಣ್ಣ ಹೆಂಗೋದ ಗೊತ್ತೇನೋ ನಿಂಗೆ? ಮೈಯೆಲ್ಲ ನೀಲಿಯಾಗಿತ್ತು. ನಾನು ನೋಡಿದೀನಿ. ನೀನೂ ನೋಡ್ಬೇಕಾ?”

ಮನೋಹರ ಪೈಪು ಕೆಳಗೆ ಹಾಕಿದ. ನಲ್ಲಿ ನಿಲ್ಲಿಸಿ ಬಂದು ಕೇಳಿದ. “ಸ್ಕ್ಯಾನಿಂಗ್‌ಗೆ ಬಾ ಅಂದಿದ್ರಲ್ಲ, ಈ ವಾರ ಹೋಗ್ಬೇಕು.”

“ಹೋಗೋದು ಬ್ಯಾಡ. ಹೋದ್ರೆ ಅಲ್ಲೇ ಮಲಗ್ಸಿ ಕುಯ್ತಾರೆ. ನೋವು ಬಂದ್ಮೇಲೆ ಹೋದ್ರಾಯ್ತು.”

“ಆಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

“ಆಗ್ಬಾರ್ದು ಅಂತಾನೇ ಕಣೋ ಇಷ್ಟೆಲ್ಲ ಮಾಡ್ತಿರೋದು!”

ಏರ್‌ಪೋರ್ಟಿನ ಬಾಡಿಗೆ ಕಾಯುತ್ತಿತ್ತು, ಅವನು ಹೊರಟುಹೋದ. ವಾದ ಮಾಡಿ ಗೆಲ್ಲಲು ಬೇಕಾದ ಹೊತ್ತು ಆ ಮನೆಯ ಗಂಡಸರಿಗೆ ಯಾವತ್ತೂ ಸಿಗುತ್ತಿರಲಿಲ್ಲ, ಅಥವಾ ಅವರು ಹುಡುಕುತ್ತಿರಲಿಲ್ಲ.

ಒಂಬತ್ತು ತುಂಬುತ್ತ ಬಂದರೂ ಚೈತ್ರಳ ಹೊಟ್ಟೆ ಮುಂದೆ ಬರಲಿಲ್ಲ. ಹಿತ್ತಲಿನ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುವಳು. ನಲ್ಲಿಯ ಹತ್ತಿರ ಸೇರಿದ ಹೆಂಗಸರು ಇದು ತುಂಬು ಬಸುರಿಯ ಹೊಟ್ಟೆಯಂತೆ ಕಾಣುವುದೇ ಇಲ್ಲವಲ್ಲ ಎಂದರು. ಅಮ್ಮಯಮ್ಮನಿಗೆ ಒಳಗೊಳಗೇ ಹಿಗ್ಗು. ಅಂದುಕೊಂಡ ಹಾಗೇ ಆಗುತ್ತಿದೆ, ಕೂಸು ಸಣ್ಣಗಿದೆ, ತಲೆಯೂ ಸಣ್ಣಗಾಗಿರುತ್ತದೆ. ಮನೆದೇವರಿಗೆ ಹರಕೆ ಹೊತ್ತು, ಕೂಸಿಗೆಂದು ಹಳೆಯ ಹತ್ತಿ ಸೀರೆಗಳನ್ನು ಹರಿದು ಬಿಸಿನೀರಲ್ಲಿ ಕುದಿಸಿ ಒಣಗಿಸಿ ಮಡಿಸಿಟ್ಟಳು.

ನೋವು ಬಂದದ್ದು ಒಂದು ಮುಂಜಾನೆ, ಚೈತ್ರ ಪಡಸಾಲೆ ಒರೆಸುತ್ತಿದ್ದಾಗ. ಮನೋಹರ ಗಾಡಿ ತಿರುಗಿಸುವಷ್ಟರಲ್ಲಿ ಅಮ್ಮಯಮ್ಮ ಸೀರೆ ತುಂಡುಗಳ ಗಂಟು ಹಿಡಿದು ಹಿಂದಿನ ಸೀಟಿನಲ್ಲಿ ಕೂತಿದ್ದಳು. “ಸಲೀಸಾಗ್ತದೆ ಮಗಳೇ, ಏನೂ ಹೆದರ್ಬೇಡ” ಎಂದು ದಾರಿಯುದ್ದಕ್ಕೂ ಹೇಳಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚೈತ್ರಳ ಕಣ್ರೆಪ್ಪೆ ಎಳೆದು ನೋಡಿ ಅಮ್ಮಯಮ್ಮನ ಕಡೆ ತಿರುಗಿದರು.

“ಮೂರು ವಾರಕ್ಕೆ ಬಾ ಅಂದಿದ್ನಲ್ಲ. ಎಲ್ಲಿದ್ರಿ ಇಷ್ಟು ದಿನ?”

ಅಮ್ಮಯಮ್ಮ ಗಂಟನ್ನು ಎದೆಗೆ ಅವಚಿಕೊಂಡಳು.

ಮಧ್ಯಾಹ್ನವಾದರೂ ತಲೆ ಮೇಲೆಯೇ ಇತ್ತು. ಒಳಗಿನಿಂದ ಚೈತ್ರಳ ಕೂಗು ಮೊದಲು ಜೋರಾಗಿ ಕೇಳುತ್ತಿತ್ತು, ಆಮೇಲೆ ಬರೀ ನರಳಾಟ, ಕೊನೆಗೆ ಅದೂ ಇಲ್ಲ. ಡಾಕ್ಟರಮ್ಮ ಬಾಗಿಲು ತಳ್ಳಿಕೊಂಡು ಹೊರಬಂದು ಮನೋಹರನನ್ನು ಕರೆದರು.

“ತಲೆ ಇಳೀತಿಲ್ಲ. ಮಗು ಎದೆಬಡಿತ ಬೀಳ್ತಿದೆ, ಆಪರೇಷನ್ ಮಾಡ್ಲೇಬೇಕು. ಆದ್ರೆ ಇವಳ ಮೈಯಲ್ಲಿ ರಕ್ತಾನೇ ಇಲ್ಲ. ರಕ್ತ ಕೈಗೆ ಬರದೆ ಕತ್ತರಿ ಮುಟ್ಟಿದ್ರೆ ತಾಯೀನೇ ಹೋಗ್ತಾಳೆ. ಈ ಚೀಟಿ ತಗೊಂಡು ಓಡು.”

ಅವನು ಓಡಿದ. ರಕ್ತ ಸಿಕ್ಕಿ, ಗಾಡಿಗಳ ಸಂದಿಯಲ್ಲಿ ನುಗ್ಗಿ ತರುವಷ್ಟರಲ್ಲಿ ಹೊತ್ತು ಇಳಿದಿತ್ತು. ಅನುಸೂಯಮ್ಮ ಫ್ಯಾಕ್ಟರಿಯ ನೀಲಿ ಕೋಟನ್ನೂ ಬಿಚ್ಚದೆ ಬಂದು ಬಾಗಿಲಿಗೆ ಮುಖ ಮಾಡಿ ನಿಂತಳು. ವೆಂಕಟರಾಯಪ್ಪ ಬೆಂಚಿನ ಮೇಲೆ ಟವೆಲು ಹಿಂಡುತ್ತ ಕೂತಿದ್ದ.

ಕತ್ತಲಾಗುವ ಮುಂಚೆ ಡಾಕ್ಟರಮ್ಮ ಬಂದರು. “ತಾಯಿ ಉಳ್ಕೊಂಡಿದಾಳೆ. ಹೆಣ್ಣು ಮಗು. ಮಗು ವಿಷಯ ಈಗಲೇ ಏನೂ ಹೇಳಕ್ಕಾಗಲ್ಲ.”

ಅಮ್ಮಯಮ್ಮನ ಬಾಯಿಂದ ಬಂದದ್ದು ಅದೇ ಪ್ರಶ್ನೆ. “ತಲೆ ದಪ್ಪ ಇತ್ತಾ ಮೇಡಂ?”

“ತಲೆ ನಾವು ಅವತ್ತು ಅಂದಾಜು ಮಾಡಿದಷ್ಟೇ ಇದೆ. ಮೈಯೇ ಇಲ್ಲ. ಎರಡು ಕೆಜಿ ಕೂಡ ತೂಗಲಿಲ್ಲ. ಏನು ತಿಂತಿದ್ಲು ಅವಳು ಮನೇಲಿ?”

ಮನೋಹರ ನೆಲ ನೋಡುತ್ತ ಹೇಳಿದ. “ಅರ್ಧ ಮುದ್ದೆ.”

“ಯಾಕೆ?”

“ತಲೆ ಸಣ್ಣಗಾಗ್ಲಿ ಅಂತ.”

ಡಾಕ್ಟರಮ್ಮ ಬೈಯುತ್ತಾರೆಂದು ಅಮ್ಮಯಮ್ಮ ಕಾದಳು. ಅವರು ಬೈಯಲಿಲ್ಲ, ದಣಿದವರಂತೆ ಗೋಡೆಗೆ ಒರಗಿದರು. “ತಾಯಿಗೆ ಊಟ ಸಾಲ್ದೇ ಹೋದ್ರೆ ಮಗು ಸಿಕ್ಕಿದ್ದನ್ನ ಮೊದ್ಲು ತಲೆಗೆ ಕಳಿಸ್ಕೊಳ್ತದಮ್ಮ. ಮಿಕ್ಕಿದ್ದು ಮೈಗೆ. ತಲೆ ಸಣ್ಣ ಆಗಲ್ಲ, ಹೆರಿಗೆ ತಡ್ಕೊಳ್ಳೋ ಶಕ್ತಿ ಹೋಗ್ತದೆ ಅಷ್ಟೆ. ತಿಂದ್ಕೊಂಡು, ರಕ್ತ ಇಟ್ಕೊಂಡು ಬಂದಿದ್ರೆ ಮಧ್ಯಾಹ್ನಕ್ಕೇ ಆಪರೇಷನ್ ಮಾಡಿ ತಾಯಿ ಮಗು ಇಬ್ರನ್ನೂ ಕೈಗೆ ಕೊಡ್ತಿದ್ದೆ.”

ಅನುಸೂಯಮ್ಮ ಬೀಗಿತ್ತಿಯ ಕಡೆ ತಿರುಗಿದಳು. “ನನ್ನ ಮಗಳನ್ನ ಹಸಿವಲ್ಲಿಟ್ರಾ ಅಕ್ಕಾ? ನಾನು ತಂದಿದ್ದನ್ನೂ ಕೊಡ್ಲಿಲ್ವಾ?” ಎಂದಳು. ಕಿರುಚಿದ್ದರೆ ಅಮ್ಮಯಮ್ಮ ಕಿವಿ ಮುಚ್ಚಿಕೊಳ್ಳಬಹುದಿತ್ತು. ಅವಳು ನಿಜವಾಗಿಯೂ ಗೊತ್ತಿಲ್ಲದವಳಂತೆ ಮೆಲ್ಲಗೆ ಕೇಳುತ್ತಿದ್ದಳು.

ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ ಮೊಮ್ಮಗಳನ್ನು ಅಮ್ಮಯಮ್ಮ ಹೊರಗಿನಿಂದ ನೋಡಿದಳು. ಗುಂಡನೆಯ, ತುಂಬು ತಲೆ, ಅಪ್ಪಟ ವೆಂಕಟರಾಯಪ್ಪನದು. ಅದರ ಕೆಳಗೆ ಬಾಡಿದ ಹುರುಳಿಕಾಯಿಯಂಥ ಕೈಕಾಲು, ಪಕ್ಕೆಲುಬಿನ ಮೇಲೆ ಸುಕ್ಕುಗಟ್ಟಿದ ತೊಗಲು. ಆ ತಲೆಯಲ್ಲಿ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಅಮ್ಮಯಮ್ಮ ಇಷ್ಟು ವಾರ ಕಿತ್ತುಕೊಂಡದ್ದೆಲ್ಲ ಆ ಕೈಕಾಲಿನಿಂದ.

ಮೂರನೆಯ ದಿನ ಕೂಸು ಹೋಯಿತು. ಬಟ್ಟೆಯಲ್ಲಿ ಸುತ್ತಿದ್ದನ್ನು ವೆಂಕಟರಾಯಪ್ಪನೇ ಹೊಲಕ್ಕೆ ಎತ್ತಿಕೊಂಡು ಹೋದ. ಬಂದು ಕೈಕಾಲು ತೊಳೆದು, ಜಗಲಿಯ ಮೇಲೆ ಕೂತು, ಹೆಂಡತಿಗೆ ಕೇಳುವಷ್ಟು ಮಾತ್ರ ಹೇಳಿದ.

“ಅವನ ಪಕ್ಕದಲ್ಲೇ ಇಟ್ಟು ಬಂದೆ.”

ಆಸ್ಪತ್ರೆಯಿಂದ ಚೈತ್ರ ನೇರ ಹೊಸಕೋಟೆಗೆ, ತಾಯಿಯ ಕೋಣೆಗೆ ಹೋದಳು. ಮನೋಹರ ಅಲ್ಲಿಗೂ ಇಲ್ಲಿಗೂ ಓಡಾಡುತ್ತಿದ್ದ. ಬೂದಿಗೆರೆಗೆ ಬಂದಾಗ ಊಟಕ್ಕೆ ಕರೆದರೆ ಆಯ್ತು ಎನ್ನುತ್ತಿದ್ದ.

“ಎಲ್ಲಿ ಆಯ್ತೋ?”

“ದೇವನಹಳ್ಳೀಲಿ.”

“ದಿನಾ ಹೋಟ್ಲೂಟ ಮಾಡಿದ್ರೆ ಮೈಗಾಗ್ತದಾ?”

“ನಿನ್ನ ಕೈ ಊಟ ಯಾರ ಮೈಗಾಯ್ತಮ್ಮ?” ಎಂದುಬಿಟ್ಟ. ಅಂದಮೇಲೆ ಅವನ ಮುಖವೇ ಸಣ್ಣಗಾಯಿತು, ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ನಾನೂ ಅಲ್ಲೇ ಕೂತು ಪೂರ್ತಿ ಮುದ್ದೆ ತಿಂದೆ ಬಿಡು. ನಿನ್ನೊಬ್ಳನ್ನೇ ಅಂದು ಏನು?”

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ವೆಂಕಟರಾಯಪ್ಪನೇ ಹೇಳಿದ. “ಹೋಗಿ ನೋಡ್ಕೊಂಡು ಬಾ. ಬೈದ್ರೆ ಬೈಸ್ಕೊ.”

ಅಮ್ಮಯಮ್ಮ ಕೋಳಿ ಕುಯ್ಯಿಸಿದಳು. ಮಸಾಲೆ ಅರೆದು, ಸಾರು ಕುದಿಸಿ, ಮುದ್ದೆ ತೊಳಸಿ, ಬಿಸಿ ಆರದಂತೆ ಬಟ್ಟೆ ಸುತ್ತಿ, ಕ್ಯಾರಿಯರ್ ಹಿಡಿದು ಬಸ್ಸು ಹತ್ತಿದಳು. ಅನುಸೂಯಮ್ಮ ಬಾಗಿಲು ತೆರೆದು ಕ್ಯಾರಿಯರನ್ನು ನೋಡಿದಳು, ಬೀಗಿತ್ತಿಯ ಮುಖ ನೋಡಿದಳು. “ಬನ್ನಿ” ಎಂದು ಪಕ್ಕಕ್ಕೆ ಸರಿದಳು, ಅಷ್ಟೇ.

ಚೈತ್ರ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ತಲೆಗೆ ಎಣ್ಣೆ ಕಂಡು ಬಹಳ ದಿನವಾಗಿತ್ತು. “ಬಂದ್ರಾ ಅತ್ತೆ” ಎಂದಳು. ಅಮ್ಮಯಮ್ಮ ಮೊದಲು ಅತ್ತಳು, ಆಮೇಲೆ ಕೇಳಬಾರದ್ದನ್ನು ಕೇಳುವವಳಂತೆ ಕೇಳಿದಳು. “ಊಟ ತಂದಿದೀನಿ, ಉಣ್ತೀಯಾ?”

“ಹಾಕಿ.”

ತಟ್ಟೆಯಲ್ಲಿ ಒಂದು ಪೂರ್ತಿ ಮುದ್ದೆ ಇಟ್ಟು, ಒಳ್ಳೊಳ್ಳೆಯ ತುಂಡು ಆರಿಸಿ ಹಾಕಿ, ಮೇಲೆ ಸಾರು ಬಿಟ್ಟಳು. ಚೈತ್ರ ಮುದ್ದೆಯನ್ನು ಬೆರಳಿನಿಂದ ನಡುವೆ ಒತ್ತಿ ಎರಡು ಮಾಡಿದಳು. ಒಂದು ಹೋಳನ್ನು ತನ್ನ ಕಡೆ ಎಳೆದುಕೊಂಡು, ಇನ್ನೊಂದನ್ನು ಎತ್ತಿ ಅತ್ತೆಯ ಕಡೆ ಚಾಚಿದಳು.

“ಪೂರ್ತಿ ನಿಂದೇ ಕಣಮ್ಮ. ತಿನ್ನು ಮಗಳೇ.”

“ಆಗಲ್ಲ ಅತ್ತೆ. ಅಮ್ಮಾನೂ ದಿನಾ ಹೇಳ್ತಾಳೆ. ಹೊಟ್ಟೆ ಒಗ್ಗೋಗಿದೆ, ಇಷ್ಟೇ ಹಿಡಿಯೋದು.” ಅವಳ ದನಿಯಲ್ಲಿ ಸಿಟ್ಟು ಹುಡುಕಿದರೂ ಸಿಗಲಿಲ್ಲ. “ತಗೊಳ್ಳಿ. ನೀವೊಬ್ರೇ ಹಸ್ಕೊಂಡಿರೋದು ಬೇಡ.”

ಅಮ್ಮಯಮ್ಮ ಅಂಗೈ ಒಡ್ಡಿದಳು. ಅನುಸೂಯಮ್ಮ ಒಳಗಿನಿಂದ ಇನ್ನೊಂದು ತಟ್ಟೆ ತಂದು ಅವಳ ಮುಂದೆ ಇಟ್ಟಳು.